ಕಂಪ್ಯೂಟರ್ ಪಕ್ಕದಲ್ಲಿಟ್ಟುಕೊಂಡು ಚದುರಂಗ ಆಡುವುದು ಹೇಗೆ

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಎರಡು ವರ್ಷದಿಂದ ಅಣ್ಣನ ಮಗಳ ಜೊತೆ ಮನೆಯಲ್ಲೇ ಚದುರಂಗ ನಡೆಸಿದ್ದೇನೆ. ಅವಳಿಗೊಂದು ಲ್ಯಾಪ್‌ಟಾಪ್, ನನಗೊಂದು. ಎರಡರಲ್ಲೂ ಸ್ಟಾಕ್‌ಫಿಶ್ ಅನ್ನುವ ಚದುರಂಗದ ಎಂಜಿನ್, ಅಂದರೆ ಒಳ್ಳೆಯ ನಡೆ ಲೆಕ್ಕ ಹಾಕಿ ಹೇಳುವ ತಂತ್ರಾಂಶ ಇದೆ, ಅದು ಪುಕ್ಕಟೆ ಸಿಗುತ್ತದೆ. ದಿನಕ್ಕೆ ಒಬ್ಬರಿಗೆ ಒಂದೇ ನಡೆ.

ಇಬ್ಬರ ಹತ್ತಿರವೂ ಅದೇ ಎಂಜಿನ್ ಇದ್ದರೆ ಆಡುವುದೇನು ಉಳಿಯಿತು ಅಂತ ಕೇಳುತ್ತಾರೆ. 1997ರಲ್ಲಿ ಡೀಪ್ ಬ್ಲೂ ಅನ್ನುವ ಚದುರಂಗದ ಕಂಪ್ಯೂಟರ್ ಎದುರು ಸೋತ ವಿಶ್ವ ಚಾಂಪಿಯನ್ ಕಾಸ್ಪರೋವ್, ಮರುವರ್ಷ ಸ್ಪೇನಿನ ಲಿಯಾನ್‌ನಲ್ಲಿ ಕಂಪ್ಯೂಟರ್ ಪಕ್ಕದಲ್ಲಿಟ್ಟುಕೊಂಡು ಬಲ್ಗೇರಿಯಾದ ಗ್ರ್ಯಾಂಡ್‌ಮಾಸ್ಟರ್ ಟೊಪಲೋವ್ ಜೊತೆ ಆಡಿದರು. ಎದುರಾಳಿಯ ಹತ್ತಿರವೂ ಕಂಪ್ಯೂಟರ್ ಇತ್ತು. ಕಂಪ್ಯೂಟರ್ ಇಲ್ಲದೆ ಸ್ವಲ್ಪ ದಿನದ ಹಿಂದಷ್ಟೇ ಇದೇ ಟೊಪಲೋವ್‌ರನ್ನು 4–0ರಿಂದ ಸೋಲಿಸಿದ್ದರು. ಈಗ 3–3 ಸಮ! 2005ರಲ್ಲಿ ಯಾರು ಬೇಕಾದರೂ ಎಷ್ಟು ಕಂಪ್ಯೂಟರ್ ಬೇಕಾದರೂ ತರಬಹುದಾದ ಟೂರ್ನಿ ನಡೆಯಿತು. ಗ್ರ್ಯಾಂಡ್‌ಮಾಸ್ಟರ್‌ಗಳಿದ್ದರೂ ಗೆದ್ದವರು ಮೂರು ಕಂಪ್ಯೂಟರ್ ಇಟ್ಟುಕೊಂಡಿದ್ದ ಅಮೆರಿಕದ ಇಬ್ಬರು ಹವ್ಯಾಸಿಗಳು, ಸ್ಟೀವನ್ ಕ್ರಾಮ್ಟನ್ ಮತ್ತು ಝಕರಿ ಸ್ಟೀಫನ್. ಯಂತ್ರಕ್ಕೆ ಏನು ಕೇಳಬೇಕು, ಯಾವಾಗ ಕೇಳಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಇಂದಿನ ಎಂಜಿನ್‌ಗಳು ಅವತ್ತಿಗಿಂತ ಎಷ್ಟೋ ಬಲಶಾಲಿ. ಹೊಡೆದಾಟದ ಲೆಕ್ಕದಲ್ಲಿ ಅದನ್ನು ತಿದ್ದೋಕೆ ಹೋಗಬೇಡಿ. ನಮ್ಮ ಕೆಲಸ ಬೇರೆ ಕಡೆ ಇದೆ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಎಂಜಿನ್ ಆನ್ ಮಾಡುವ ಮೊದಲು ಎಡ ಪುಟದಲ್ಲಿ ನಿಮ್ಮ ನಡೆ, ಅದಕ್ಕೆ ಕಾರಣ ಬರೆಯಿರಿ. ಹತ್ತು ನಿಮಿಷ ಸಾಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ. ಒಂದು ಸಲ ಯಂತ್ರದ ಉತ್ತರ ಕಣ್ಣಿಗೆ ಬಿದ್ದರೆ ನಮ್ಮ ತಲೆ ಅದರ ಹಿಂದೆಯೇ ಹೋಗುತ್ತದೆ.

ಆಮೇಲೆ ಎಂಜಿನ್ ಹಾಕಿ, ಮೂರು ದಾರಿ ತೋರಿಸುವಂತೆ ಇಡಿ. ಪ್ರತಿ ದಾರಿಗೂ ಯಾರ ಕೈ ಎಷ್ಟು ಮೇಲು ಅಂತ ಅದು ಒಂದು ಅಂಕಿ ಕೊಡುತ್ತದೆ. ಮೊದಲ ಎರಡು ನಡೆಗಳ ಅಂಕಿಯಲ್ಲಿ 0.1 ಅಥವಾ 0.2 ಅಷ್ಟೇ ಅಂತರ ಇದ್ದರೆ ಅಲ್ಲಿ ನಿಮ್ಮ ತೀರ್ಮಾನಕ್ಕೆ ಜಾಗ ಇದೆ. ಯಾವ ಆಟ ನಿಮಗೆ ಅರ್ಥವಾಗುತ್ತದೋ ಅದನ್ನು ಆರಿಸಿ. ಎಡ ಪುಟದ ನಿಮ್ಮ ನಡೆ ಪಟ್ಟಿಯಲ್ಲೇ ಇಲ್ಲವಾ? ಅದನ್ನು ಬೋರ್ಡ್ ಮೇಲೆ ಆಡಿ, ಯಂತ್ರ ಹೇಗೆ ಮುರಿಯುತ್ತದೆ ನೋಡಿ. ಆ ಉತ್ತರ ಬಲ ಪುಟಕ್ಕೆ. ನಾನು ಅತಿ ಜಾಸ್ತಿ ಕಲಿತದ್ದು ಈ ಬಲ ಪುಟಗಳಿಂದ.

ಇನ್ನು ಅಂಕಿ. +1 ಅಂದರೆ ಒಂದು ಪ್ಯಾದೆಯಷ್ಟು ಮೇಲುಗೈ ಅಂತ ಹಿಂದೆ ಓದುತ್ತಿದ್ದೆವು. 2022ರ ಕೊನೆಯಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ, +1 ಅಂದರೆ ಅದೇ ಎಂಜಿನ್ ತನ್ನ ಜೊತೆ ತಾನೇ ಆಡಿದರೆ ಗೆಲ್ಲುವ ಸಾಧ್ಯತೆ ಅರ್ಧ ಅಂತ ಅರ್ಥ.

ಕಳೆದ ವರ್ಷ ನನಗೆ +1.8 ತೋರಿಸುತ್ತಿತ್ತು. ಒಂದು ಆನೆ, ಒಂದು ಒಂಟೆ ಇದ್ದವು. ಪ್ಯಾದೆಗಳು ಎದುರುಬದುರು ನಿಂತು ದಾರಿ ಮುಚ್ಚಿದ್ದವು. ಹದಿನೈದು ದಿನ ಹಿಗ್ಗಿನಲ್ಲಿ ಆಡಿದೆ. ಅಂಕಿ ಅಲ್ಲೇ ಇತ್ತು. ಅಣ್ಣನ ಮಗಳು ಅಂದಳು: "ಕಾಕಾ, ನಂಬರ್ ನೋಡಬ್ಯಾಡ್ರಿ, ಗ್ವಾಡಿ ನೋಡ್ರಿ." ಆಟ ಡ್ರಾ ಆಯಿತು.

ಅವಳು ಕಲಿಸಿದ ಪರೀಕ್ಷೆ ಇದು. ಯಂತ್ರ ಹೇಳಿದ ದಾರಿಯಲ್ಲೇ ಎರಡೂ ಕಡೆ ಇಪ್ಪತ್ತು ನಡೆ ಮುಂದೆ ಹೋಗಿ. ಮೇಲುಗೈ ನಿಜವಾದರೆ ಅಂಕಿ ಬೆಳೆಯುತ್ತಾ ಹೋಗುತ್ತದೆ. ನಿಂತಲ್ಲೇ ನಿಂತರೆ ಎದುರಿಗೆ ಕೋಟೆ, ಅಂದರೆ ಒಳನುಗ್ಗಲು ದಾರಿಯೇ ಇಲ್ಲದ ರಕ್ಷಣೆ, ಇರಬಹುದು ಅಂತ ತಿಳಿಯಿರಿ. ಆಗ ವಾಪಸ್ ಬಂದು ಪ್ಯಾದೆಗಳನ್ನು ಮುಚ್ಚಿಬಿಡದ ಬೇರೆ ದಾರಿ ಹುಡುಕಿ, ಅಂಕಿ ಸ್ವಲ್ಪ ಕಡಿಮೆ ಇದ್ದರೂ ಸರಿ.

ಲಿಚೆಸ್ ಅನ್ನುವ ಚದುರಂಗದ ಜಾಲತಾಣದ ವಿಶ್ಲೇಷಣೆ ಬೋರ್ಡಿನಲ್ಲಿ ಎಂಜಿನ್ ಓಡುವಾಗ ಎಕ್ಸ್ ಕೀ ಒತ್ತಿದರೆ ಎದುರಾಳಿ ಏನು ಮಾಡಬೇಕೆಂದಿದ್ದಾನೆ ತೋರಿಸುತ್ತದೆ. ಮಕ್ಕಳಿಗೆ ಮೊದಲು ಇದನ್ನೇ ಕಲಿಸಿ. ಆದರೆ ಅಲ್ಲಿ ಬೇರೆಯವರ ಜೊತೆ ಆಡುವಾಗ, ದಿನಗಟ್ಟಲೆ ನಡೆಯುವ ಆಟದಲ್ಲೂ, ಎಂಜಿನ್ ಮುಟ್ಟಬಾರದು. ಅದು ಮೋಸ. ಇಬ್ಬರೂ ಒಪ್ಪಿದ ಆಟಕ್ಕೆ ಮಾತ್ರ ಈ ಪದ್ಧತಿ.

ನಮ್ಮ ಊರಿನವರಿಗೆ ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ. ಅಷ್ಟೇ ಹೊತ್ತಿನಲ್ಲಿ ಎಂಜಿನ್ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಕಷ್ಟದ ನಡೆ ಇದ್ದರೆ ನಾನು ಬೆಳಿಗ್ಗೆ ಐದಕ್ಕೆ ಎದ್ದು ಮಾಳಿಗೆ ಮೇಲೆ ಕೂರುತ್ತೇನೆ. ಬಿಸಿಲು ಏರುವುದರೊಳಗೆ ಎರಡೂ ಪುಟ ತುಂಬಿರುತ್ತವೆ.