ಸ್ವಂತವಾಗಿ ಮರ ಹತ್ತುವ ಕೆಲಸ: ಹಗ್ಗ, ಗಂಟು, ಹಾರ್ನೆಸ್ ಆರಿಸಿಕೊಳ್ಳುವ ಬಗೆ

ಕಂಪನಿಯಲ್ಲಿ ಮರ ಹತ್ತುವವರಿಗೆ ಹಗ್ಗ ಕೊಡಿಸುವವರು ಒಬ್ಬರು, ಅದನ್ನು ಪರೀಕ್ಷಿಸುವವರು ಇನ್ನೊಬ್ಬರು, 'ಇವತ್ತು ಗಾಳಿ ಜಾಸ್ತಿ, ಹತ್ತೋದು ಬೇಡ' ಎನ್ನುವವರು ಮತ್ತೊಬ್ಬರು. ಸ್ವಂತವಾಗಿ ಕೆಲಸ ಹಿಡಿದ ದಿನದಿಂದ ಈ ಮೂರೂ ನಿಮ್ಮ ಹೆಗಲಿಗೆ ಬೀಳುತ್ತವೆ. ಹಾಗಾಗಿ ಸಲಕರಣೆ ಕೊಳ್ಳುವಾಗ 'ಯಾವುದು ಒಳ್ಳೆಯದು' ಎಂದು ಕೇಳುವ ಮೊದಲು 'ಯಾವುದಕ್ಕೆ ಯಾವುದು ಹೊಂದುತ್ತದೆ' ಎಂದು ಕೇಳಿಕೊಳ್ಳಿ. ಹತ್ತುವವರನ್ನು ಹಿಡಿದಿಡುವುದು ಹಗ್ಗಕ್ಕೆ ಹುರಿ ಸುತ್ತಿ ಹಾಕುವ ಗಂಟು: ಭಾರ ಬಿದ್ದಾಗ ಹಿಡಿಯುತ್ತದೆ, ಕೈಯಿಂದ ಒತ್ತಿದಾಗ ಜಾರುತ್ತದೆ. 13 ಮಿ.ಮೀ. ಹಗ್ಗದ ಮೇಲೆ ಗಟ್ಟಿಯಾಗಿ ಹಿಡಿಯುವ ಗಂಟು 11 ಮಿ.ಮೀ. ಹಗ್ಗದ ಮೇಲೆ ಜಾರಬಹುದು. ಒಂದೊಂದೂ ಒಳ್ಳೆಯ ಸಾಮಾನೇ ಆಗಿದ್ದು, ಜೋಡಿ ಸರಿಯಿಲ್ಲದೆ ಜನ ಬಿದ್ದಿದ್ದಾರೆ.

ಇಲ್ಲಿ ಹೇಳುವುದು ಹಗ್ಗ, ಹಾರ್ನೆಸ್ (ಸೊಂಟ, ತೊಡೆಗೆ ಬಿಗಿಯುವ ಪಟ್ಟಿ) ಕಟ್ಟಿಕೊಂಡು ಕೊಂಬೆ ಸವರುವ, ಮರವನ್ನು ತುಂಡು ತುಂಡಾಗಿ ಇಳಿಸುವ ಕೆಲಸದ ಬಗ್ಗೆ. ಇದು ಓದಿ ಕಲಿಯುವ ಕೆಲಸವಲ್ಲ. ಬಲ್ಲವರ ಜೊತೆ ಒಂದೆರಡು ವರ್ಷ ಹತ್ತಿ, ಮರದ ಮೇಲೆ ಸಿಕ್ಕಿಬಿದ್ದವರನ್ನು ಇಳಿಸುವ ತರಬೇತಿಯನ್ನೂ ಪಡೆದ ಮೇಲೆ ಸ್ವಂತಕ್ಕೆ ಇಳಿಯಿರಿ.

ಓಡುವ ಹಗ್ಗವೋ, ನಿಂತ ಹಗ್ಗವೋ

ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಹತ್ತುವ ವಿಧಾನ. ಉಳಿದ ಖರೀದಿಯೆಲ್ಲ ಅದರ ಹಿಂದೆ ಬರುತ್ತದೆ.

ಓಡುವ ಹಗ್ಗದ ವಿಧಾನದಲ್ಲಿ, ಅಂದರೆ ಎಂಆರ್‌ಎಸ್‌ನಲ್ಲಿ (ಮೂವಿಂಗ್ ರೋಪ್ ಸಿಸ್ಟಮ್), ಹಗ್ಗ ಮೇಲಿನ ಕವಲಿನ ಸುತ್ತ ಹೋಗಿ ನಿಮ್ಮತ್ತಲೇ ಮರಳುತ್ತದೆ. ನೀವು ಏರಿಳಿದಂತೆ ಹಗ್ಗವೂ ಓಡುತ್ತದೆ. 1 ಮೀಟರ್ ಮೇಲೇರಲು 2 ಮೀಟರ್ ಹಗ್ಗ ಎಳೆಯಬೇಕು. ಆದರೆ ನಿಮ್ಮ ತೂಕ ಎರಡು ಎಳೆಗಳಿಗೆ ಹಂಚಿಹೋಗುವುದರಿಂದ ಗಂಟಿನ ಮೇಲೆ ಸುಮಾರು ಅರ್ಧ ಭಾರ ಮಾತ್ರ ಬೀಳುತ್ತದೆ. ಹಾಗಾಗಿ ಸಾದಾ ಗಂಟೇ ಸಾಕು, ಸಾಮಾನೂ ಕಡಿಮೆ. ಹಗ್ಗ ನೇರವಾಗಿ ತೊಗಟೆಗೆ ಉಜ್ಜಿದರೆ ಮರಕ್ಕೂ ಗಾಯ, ಹಗ್ಗಕ್ಕೂ ಸವೆತ. ಎರಡು ಉಂಗುರದ ಫ್ರಿಕ್ಷನ್ ಸೇವರ್ ಪಟ್ಟಿಯನ್ನು ಕವಲಿಗೆ ಹಾಕಿ, ಹಗ್ಗವನ್ನು ಉಂಗುರಗಳ ಮೂಲಕ ಓಡಿಸಿದರೆ ಎರಡೂ ತಪ್ಪುತ್ತದೆ.

ನಿಂತ ಹಗ್ಗದ ವಿಧಾನದಲ್ಲಿ, ಅಂದರೆ ಎಸ್‌ಆರ್‌ಎಸ್‌ನಲ್ಲಿ (ಸ್ಟೇಷನರಿ ರೋಪ್ ಸಿಸ್ಟಮ್), ಹಗ್ಗ ಅಲುಗುವುದಿಲ್ಲ, ನೀವು ಅದರ ಮೇಲೆ ಏರುತ್ತೀರಿ. ಎತ್ತರದ ಮರಕ್ಕೆ ಇದು ಸಲೀಸು, ಕಾಲಿನ ಬಲವೂ ಒದಗುತ್ತದೆ. ಆದರೆ ಇಲ್ಲಿ ಪೂರ್ತಿ ತೂಕ ಒಂದೇ ಎಳೆಯ ಮೇಲೆ ಇರುವುದರಿಂದ ಬರೀ ಗಂಟು ಕಚ್ಚಿಕೊಂಡು ಇಳಿಯಲು ಬಿಡುವುದಿಲ್ಲ. ಬಿಟ್ಟರೂ ಒಮ್ಮೆಗೇ ಜಾರುತ್ತದೆ. ಗಂಟಿನ ಮೇಲೆ, ಹಗ್ಗವನ್ನು ಒತ್ತಿಹಿಡಿದು ಗಂಟಿನ ಭಾರ ಇಳಿಸುವ ರೋಪ್ ರೆಂಚ್‌ನಂಥ ಉಪಕರಣ ಬೇಕು, ಇಲ್ಲವೇ ಈ ವಿಧಾನಕ್ಕೆಂದೇ ಮಾಡಿದ ಯಾಂತ್ರಿಕ ಉಪಕರಣ ಬೇಕು. ಇನ್ನೊಂದು ಮಾತು: ಹಗ್ಗವನ್ನು ಕವಲಿನ ಮೇಲೆ ಹಾಯಿಸಿ ಬುಡಕ್ಕೆ ಕಟ್ಟಿದರೆ ಕವಲಿನ ಮೇಲೆ ನಿಮ್ಮ ತೂಕದ ಸುಮಾರು ಎರಡರಷ್ಟು ಭಾರ ಬೀಳುತ್ತದೆ. ಗರಗಸ, ಸಾಮಾನು ಸೇರಿ ನೀವು 95 ಕೆಜಿ ಇದ್ದರೆ ಕವಲು ಹೊರುವುದು 190 ಕೆಜಿಯ ಹತ್ತಿರ. ಜಗ್ಗುತ್ತಾ ಏರಿದರೆ ಇನ್ನೂ ಹೆಚ್ಚು. ಬುಡಕ್ಕೆ ಕಟ್ಟಿದ ಹಗ್ಗವನ್ನು ಕೆಳಗಿನವರು ಗರಗಸದಿಂದ ತಾಗಿಸದಂತೆ, ಕಡಿದ ಕೊಂಬೆ ಅದರ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು.

ಹೊಸದಾಗಿ ಸ್ವಂತ ಸಾಮಾನು ಕೊಳ್ಳುವವರು ಓಡುವ ಹಗ್ಗದಿಂದಲೇ ಶುರುಮಾಡಲಿ ಎಂಬುದು ನಮ್ಮ ಸಲಹೆ. ಗಂಟು ಹೇಗೆ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಎಂಬುದು ಕೈಗೆ ಗೊತ್ತಾದ ಮೇಲೆ ಯಂತ್ರಕ್ಕೆ ಹೋಗುವುದು ಒಳ್ಳೆಯದು.

ಹಗ್ಗ

ಹತ್ತುವ ಹಗ್ಗ ಕಡಿಮೆ ಹಿಗ್ಗುವಂಥದ್ದಿರಬೇಕು. ಬಂಡೆ ಹತ್ತುವವರ ಹಿಗ್ಗುವ ಹಗ್ಗ ಇಲ್ಲಿಗೆ ಸಲ್ಲದು: ಎಳೆದ ಕೈಬಲವೆಲ್ಲ ಹಿಗ್ಗಿನಲ್ಲೇ ಹೋಗುತ್ತದೆ. ಲೇಬಲ್ ಮೇಲೆ ಇಎನ್ 1891 ಟೈಪ್ ಎ ಎಂದಿದೆಯೇ ನೋಡಿ (ಇಎನ್ ಎಂದರೆ ಯುರೋಪಿನ ಗುಣಮಟ್ಟದ ಗುರುತು). ಈ ದರ್ಜೆಯ ಹಗ್ಗ ಕನಿಷ್ಠ 22 ಕಿಲೋನ್ಯೂಟನ್ ತಾಳಬೇಕು (1 ಕಿಲೋನ್ಯೂಟನ್ ಎಂದರೆ ಸುಮಾರು 100 ಕೆಜಿಯ ಭಾರ). ತುದಿಯಲ್ಲಿ ಗಂಟು ಅಥವಾ ಹೊಲಿದ ಕಣ್ಣು (ಮಡಿಸಿ ಹೊಲಿದ ಕುಣಿಕೆ) ಇದ್ದಾಗ 15 ಕಿಲೋನ್ಯೂಟನ್. ದಪ್ಪ 11ರಿಂದ 13 ಮಿ.ಮೀ. ಒಳಗಿರಲಿ. ತೆಳುವಾದಷ್ಟೂ ಹಗುರ, ಆದರೆ ಕೈಗೆ ಹಿಡಿತ ಕಡಿಮೆ. ಮೊದಲ ಹಗ್ಗಕ್ಕೆ 12 ಮಿ.ಮೀ. ಆಸುಪಾಸು ಸರಿ.

ಉದ್ದದ ಲೆಕ್ಕದಲ್ಲಿ ಜಿಪುಣತನ ಬೇಡ. ಕವಲು 15 ಮೀಟರ್ ಎತ್ತರದಲ್ಲಿದ್ದರೆ ಓಡುವ ಹಗ್ಗಕ್ಕೆ ಹೋಗಿಬರಲು 30 ಮೀಟರ್ ಬೇಕು. ಗಂಟು, ಕೊಂಬೆಯ ತುದಿಗೆ ನಡೆಯುವ ದೂರ, ಬುಡದ ಬಳಿಯ ತಗ್ಗು ಎಲ್ಲ ಸೇರಿಸಿದರೆ 35 ಕೂಡ ಬಿಗಿಯಾಗುತ್ತದೆ. 45 ಮೀಟರ್ ಕೊಂಡರೆ ಹೆಚ್ಚಿನ ಕೆಲಸಕ್ಕೆ ಸಾಕು. ಎಷ್ಟೇ ಉದ್ದವಿರಲಿ, ತುದಿಗೆ ಎಂಟರ ಆಕಾರದ ತಡೆಗಂಟು ಹಾಕದೆ ಹತ್ತಬೇಡಿ. ಇಳಿಯುವಾಗ ಹಗ್ಗ ಮುಗಿದು ಗಂಟು ತುದಿಯಿಂದ ಕಳಚಿ ಬೀಳುವ ಅಪಘಾತ ತಡೆಯಲು ಆ ಒಂದು ಗಂಟೇ ಸಾಕು.

ಗಂಟಿನ ಹುರಿ

ಇಡೀ ಸರಂಜಾಮಿನಲ್ಲಿ ಅತಿ ಅಗ್ಗದ್ದೂ ಅತಿ ಬೇಗ ಸವೆಯುವುದೂ ಇದೇ. ನೀವು ತೂಗಾಡುವುದು ಇದರ ಮೇಲೇ. ಎರಡೂ ತುದಿಗೆ ಕಣ್ಣು ಹೊಲಿದ 8ರಿಂದ 10 ಮಿ.ಮೀ. ಹುರಿ, ಉದ್ದ 70ರಿಂದ 90 ಸೆಂ.ಮೀ. ಹುರಿ ಹಗ್ಗಕ್ಕಿಂತ ತೆಳುವಿರಬೇಕು, ಇಲ್ಲದಿದ್ದರೆ ಕಚ್ಚುವುದಿಲ್ಲ. ತೀರಾ ತೆಳುವಾದರೆ ಕಚ್ಚಿಕೊಂಡು ಬಿಡುವುದಿಲ್ಲ. 12 ಮಿ.ಮೀ. ಹಗ್ಗಕ್ಕೆ 8 ಅಥವಾ 9 ಮಿ.ಮೀ. ಹುರಿಯಿಂದ ಶುರುಮಾಡಿ.

ಯಾವ ನೂಲಿನದು ಎಂಬುದು ಮುಖ್ಯ, ಏಕೆಂದರೆ ಇಳಿಯುವಾಗ ಗಂಟು ಕಾಯುತ್ತದೆ. ಡೈನೀಮಾದಂಥ ಪಾಲಿಎಥಿಲೀನ್ ನೂಲು ಸುಮಾರು 150 ಡಿಗ್ರಿಗೇ ಕರಗುತ್ತದೆ. ಎಷ್ಟೇ ಬಲವಿದ್ದರೂ ಗಂಟಿನ ಹೊರಕವಚಕ್ಕೆ ಅದು ಕೂಡದು. ನೈಲಾನ್ 220ರ ಹತ್ತಿರ, ಪಾಲಿಯೆಸ್ಟರ್ 250ರ ಹತ್ತಿರ ಕರಗುತ್ತದೆ. ಅರಾಮಿಡ್ (ಕೆವ್ಲಾರ್‌ನಂಥ ನೂಲು) ಕರಗುವುದೇ ಇಲ್ಲ, ಬಹಳ ಹೆಚ್ಚಿನ ಬಿಸಿಗೆ ಕರಕಲಾಗುತ್ತದೆ. ಅರಾಮಿಡ್, ಪಾಲಿಯೆಸ್ಟರ್ ಬೆರೆತ ಹೊರಕವಚದ ಹುರಿ ಕೊಳ್ಳಿ.

ಸವೆತ ತಿಳಿಯಲು ಗಂಟು ಬಿಚ್ಚಿ, ಹುರಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನಿಧಾನವಾಗಿ ಎಳೆಯಿರಿ. ಕಾದ ಜಾಗ ನುಣ್ಣಗೆ, ಗಾಜಿನ ಹಾಗೆ ಹೊಳೆಯುತ್ತದೆ, ಬಾಗಿಸಿದರೆ ಬಿರುಸಾಗಿ ನಿಲ್ಲುತ್ತದೆ. ಒಳಎಳೆ ತುಂಡಾಗಿದ್ದರೆ ಬೆರಳಿಗೆ ಒಂದು ಕಡೆ ಚಪ್ಪಟೆಯಾಗಿ, ಟೊಳ್ಳಾಗಿ ಸಿಗುತ್ತದೆ. ಕಣ್ಣಿನ ಹೊಲಿಗೆಯಲ್ಲಿ ಒಂದು ದಾರ ಎದ್ದಿದ್ದರೂ ಅದನ್ನು ಆಚೆ ಹಾಕಿ. ದಿನವೂ ಹತ್ತುವವರಿಗೆ ಒಂದು ಹುರಿ ಕೆಲವೇ ತಿಂಗಳು ಬರುತ್ತದೆ, ಚೀಲದಲ್ಲಿ ಯಾವಾಗಲೂ ಹೊಸದೊಂದು ಇರಲಿ.

ಕಣ್ಣಿನ ಹುರಿ ಇಲ್ಲದಾಗ ಹಗ್ಗದ ತುದಿಯಿಂದಲೇ ಹಾಕಬಹುದಾದ ಬ್ಲೇಕ್ ಗಂಟು ಎಲ್ಲರಿಗೂ ಬರಬೇಕು. ತುದಿಯನ್ನು ಹತ್ತುವ ಹಗ್ಗಕ್ಕೆ ಕೆಳಗಿನಿಂದ ಮೇಲಕ್ಕೆ 4 ಸುತ್ತು ಸುತ್ತಿ. ಅಲ್ಲಿಂದ ಕೆಳಗೆ ತಂದು, ನಿಮ್ಮ ಹಾರ್ನೆಸ್‌ನಿಂದ ಬರುವ ಎಳೆಯ ಮುಂದಿನಿಂದ ದಾಟಿಸಿ. ಆಮೇಲೆ ಹತ್ತುವ ಹಗ್ಗದ ಹಿಂದಿನಿಂದ ತಂದು ಕೆಳಗಿನ 2 ಸುತ್ತುಗಳ ಒಳಗಿನಿಂದ ಹೊರಗೆಳೆಯಿರಿ. ಉಳಿದ ತುದಿಗೆ ತಡೆಗಂಟು ಹಾಕಿ. ಜನ ತಪ್ಪುವುದು ಒಂದೇ ಕಡೆ: ಹಾರ್ನೆಸ್‌ನಿಂದ ಬರುವ ಎಳೆಯನ್ನು ದಾಟಿಸದೆ ನೇರ ಹಿಂದಕ್ಕೆ ತೂರಿಸುತ್ತಾರೆ. ಗಂಟು ನೋಡಲು ಸರಿಯಾಗೇ ಕಾಣುತ್ತದೆ, ಭಾರ ಬಿದ್ದಾಗ ಬಿಚ್ಚಿಕೊಳ್ಳುತ್ತದೆ.

ಹಾರ್ನೆಸ್

ಮರದ ಕೆಲಸಕ್ಕೆ ಬೇಕಾದದ್ದು ಕೂತು ಕೆಲಸ ಮಾಡುವ ಹಾರ್ನೆಸ್. ಅದರ ಮೇಲೆ ಇಎನ್ 813 ಮತ್ತು ಇಎನ್ 358 ಎರಡೂ ಇರಲಿ. ಕಟ್ಟಡ ಕೆಲಸದ ಬೆನ್ನಿನ ಉಂಗುರದ ಬೆಲ್ಟ್ ಬಿದ್ದವರನ್ನು ತಡೆಯಲು ಮಾಡಿದ್ದು, ಅದರಲ್ಲಿ ಕೂತು ಗರಗಸ ಹಿಡಿಯಲಾಗದು. ಕೂರುವ ಹಾರ್ನೆಸ್ ಬೀಳುವುದನ್ನು ತಡೆಯಲು ಮಾಡಿದ್ದಲ್ಲ ಎಂಬುದೂ ನೆನಪಿರಲಿ. ಹಗ್ಗದಲ್ಲಿ ಸಡಿಲ ಬಿಡಬೇಡಿ, ಹಗ್ಗ ಹಾಕಿದ ಕವಲಿಗಿಂತ ಮೇಲೆ ಹೋಗಬೇಡಿ. ಹಿಗ್ಗದ ಹಗ್ಗದ ಮೇಲೆ ಅರ್ಧ ಮೀಟರ್ ಬಿದ್ದರೂ ಬೆನ್ನಿಗೆ ಬೀಳುವ ಪೆಟ್ಟು ಸಣ್ಣದಲ್ಲ.

ಕೊಳ್ಳುವ ಮೊದಲು ಹಾಕಿಕೊಂಡು ಕನಿಷ್ಠ 15 ನಿಮಿಷ ತೂಗಾಡಿ. ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸೊಂಟದ ಪಟ್ಟಿ ಸೊಂಟದ ಮೂಳೆಯ ಮೇಲೆ ನಿಲ್ಲಬೇಕು, ಪಕ್ಕೆಲುಬಿಗೆ ಏರಬಾರದು. ತೊಡೆಪಟ್ಟಿ ಸಂದಿಗೆ ಸರಿದು ಕಾಲು ಜೋಮು ಹಿಡಿದರೆ ಆ ಅಳತೆ ನಿಮ್ಮದಲ್ಲ. ಮುಂಭಾಗದಲ್ಲಿ ಎರಡು ಕಡೆಗೂ ಸೇರುವ ಹಗ್ಗದ ಸೇತುವೆ ಇರುತ್ತದೆ, ಅದರ ಮೇಲಿನ ಉಂಗುರ ಪಕ್ಕಕ್ಕೆ ಓಡುತ್ತದೆ. ಉಂಗುರ ದಿನವಿಡೀ ಉಜ್ಜುವುದರಿಂದ ಸೇತುವೆ ಹಾರ್ನೆಸ್‌ಗಿಂತ ಬಹಳ ಮೊದಲೇ ಸವೆಯುತ್ತದೆ. ಸೇತುವೆಯನ್ನಷ್ಟೇ ಬದಲಿಸಬಹುದಾದ ಮಾದರಿಯನ್ನೇ ಆರಿಸಿ.

ಕೊಂಡಿ ಮತ್ತು ಸೊಂಟದ ಹಗ್ಗ

ತಿರುಪು ಹಾಕಿ ಮುಚ್ಚುವ ಕ್ಯಾರಬಿನರ್ ಕೊಂಡಿ ಮರದ ಮೇಲೆ ನಂಬಿಕೆಗೆ ಬರುವುದಿಲ್ಲ. ಹಗ್ಗ, ರೆಂಬೆ ಉಜ್ಜಿ ತಿರುಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೇಲಕ್ಕೆತ್ತಿ, ತಿರುಗಿಸಿ, ಆಮೇಲೆ ಒತ್ತಿದರಷ್ಟೇ ತೆರೆಯುವ, ಕೈಬಿಟ್ಟರೆ ತಾನೇ ಬೀಗ ಬೀಳುವ ಕೊಂಡಿ ಬೇಕು. ಇಎನ್ 362 ಗುರುತು ನೋಡಿ. ಭಾರ ಉದ್ದಕ್ಕೇ ಬೀಳಬೇಕು. ಅಡ್ಡ ತಿರುಗಿದರೆ ಕೊಂಡಿಯ ಬಲ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗಬಹುದು.

ಸೊಂಟದಿಂದ ಕಾಂಡವನ್ನು ಬಳಸುವ ಹಗ್ಗ 3ರಿಂದ 5 ಮೀಟರ್ ಇರಲಿ, ಉದ್ದ ಹೊಂದಿಸುವ ಸಾಧನದ ಜೊತೆ. ಒಳಗೆ ಉಕ್ಕಿನ ತಂತಿ ಇರುವುದೂ ಸಿಗುತ್ತದೆ. ಅದು ಕೈಗರಗಸ ತಾಗಿದರೆ ತಡೆದೀತು, ಚೈನ್‌ಸಾ ಅದನ್ನೂ ಕತ್ತರಿಸುತ್ತದೆ. ಅದಕ್ಕೇ ಗರಗಸ ಹಿಡಿದಾಗ ಎರಡು ಬೇರೆ ಬೇರೆ ಕಡೆಗೆ ಕಟ್ಟಿಕೊಂಡಿರಬೇಕು: ಮೇಲಿನ ಕವಲಿಗೆ ಮುಖ್ಯ ಹಗ್ಗ, ಕಾಂಡಕ್ಕೆ ಸೊಂಟದ ಹಗ್ಗ.

ಗರಗಸ, ಹೆಲ್ಮೆಟ್, ಪ್ಯಾಂಟ್, ಮುಳ್ಳಿನ ಬೂಟು

ಒಳ್ಳೆಯ ಬಾಗಿದ ಕೈಗರಗಸ ಮೊದಲು ಕೊಳ್ಳಿ, ಸವರುವ ಕೆಲಸದ ಬಹುಪಾಲು ಅದರಲ್ಲೇ ಮುಗಿಯುತ್ತದೆ. ಮೇಲೆ ಹಿಡಿಯಿರುವ ಚೈನ್‌ಸಾವನ್ನು ಒಂದು ಕೈಯಲ್ಲಿ ಹಿಡಿಯಬಹುದು ಎನಿಸುತ್ತದೆ, ಹಿಡಿಯಬೇಡಿ. ಖಾಲಿ ಕೈ ಕೊಂಬೆ ಹಿಡಿದಿರುತ್ತದೆ, ಬ್ಲೇಡ್ ಪುಟಿದರೆ ಆ ಕೈಗೇ ಬರುತ್ತದೆ.

ಹೆಲ್ಮೆಟ್ಟಿನ ಗಲ್ಲಪಟ್ಟಿ ಗಮನಿಸಿ. ಕಾರ್ಖಾನೆಯ ಇಎನ್ 397 ಹೆಲ್ಮೆಟ್ಟಿನ ಪಟ್ಟಿ 15ರಿಂದ 25 ಕೆಜಿ ಎಳೆತಕ್ಕೆ ಕಳಚಿಕೊಳ್ಳುವಂತೆ ಮಾಡಿರುತ್ತಾರೆ. ತಲೆಕೆಳಗಾದರೂ ಹೆಲ್ಮೆಟ್ ತಲೆಯಲ್ಲೇ ಇರಬೇಕಾದರೆ ಇಎನ್ 12492 ಮಾದರಿಯ ಗಟ್ಟಿ ಪಟ್ಟಿ ಬೇಕು. ಚೈನ್‌ಸಾ ಪ್ಯಾಂಟಿನಲ್ಲಿ ಟೈಪ್ ಎ ಕಾಲಿನ ಮುಂಭಾಗವನ್ನಷ್ಟೇ ಕಾಯುತ್ತದೆ. ಮರದ ಮೇಲೆ ಕಾಲು ಯಾವ ಕಡೆಗೆ ತಿರುಗಿರುತ್ತದೋ ಹೇಳಲಾಗದು, ಟೈಪ್ ಸಿ ತೆಗೆದುಕೊಳ್ಳಿ.

ಮುಳ್ಳಿನ ಬೂಟು ಕಡಿದುಹಾಕುವ ಮರಕ್ಕೆ ಮಾತ್ರ. ಉಳಿಯುವ ಮರಕ್ಕೆ ಚುಚ್ಚಿದರೆ ಪ್ರತಿ ಹೆಜ್ಜೆಯೂ ಗಾಯ. ತಾಳೆ ಜಾತಿಯ ಮರಗಳಲ್ಲಿ ಆ ಗಾಯ ಜೀವಮಾನವಿಡೀ ಮುಚ್ಚುವುದಿಲ್ಲ, ಅವಕ್ಕೆ ಗಾಯ ಮುಚ್ಚುವ ಹೊಸ ಪದರ ಬೆಳೆಯುವುದೇ ಇಲ್ಲ. ಇದೇ ಜಾತಿಯ ಇನ್ನೊಂದು ಅಪಾಯ: ಒಣಗರಿಗಳು ದಪ್ಪವಾಗಿ ಜೋತುಬಿದ್ದ ಮರದಲ್ಲಿ ಕೆಳಗಿನಿಂದ ಕಡಿಯುತ್ತಾ ಹೋದರೆ ಇಡೀ ಗರಿರಾಶಿ ಒಮ್ಮೆಗೇ ಜಾರಿ ಹತ್ತಿದವರ ಮೇಲೆ ಕೂರುತ್ತದೆ, ಉಸಿರುಕಟ್ಟಿ ಜನ ಸತ್ತಿದ್ದಾರೆ. ಇಂಥ ಮರಕ್ಕೆ ಮೇಲಿನಿಂದ ಬರಬೇಕು, ಇಲ್ಲವೇ ಎತ್ತುವ ಯಂತ್ರ ತರಿಸಬೇಕು.

ಹತ್ತುವ ಮುಂಚೆ

ಮರದ ಸುತ್ತ ಒಂದು ಸುತ್ತು ಬನ್ನಿ. ಬುಡದಲ್ಲಿ ಅಣಬೆ, ಬೇರಿನ ಬಳಿ ಮಣ್ಣು ಎದ್ದ ಬಿರುಕು, ಕವಲು ಸೀಳಿದ ಗುರುತು, ನೇತಾಡುವ ಒಣಕೊಂಬೆ ಹುಡುಕಿ. ಮರದ ಸುತ್ತಿಗೆಯಿಂದ ಕಾಂಡ ಬಡಿದರೆ ಟೊಳ್ಳು ದನಿ ಕೇಳಿಸುತ್ತದೆ. ವಿದ್ಯುತ್ ತಂತಿ 3 ಮೀಟರ್ ಒಳಗಿದ್ದರೆ, ಹೆಚ್ಚಿನ ವೋಲ್ಟೇಜಿಗೆ ಇನ್ನೂ ದೂರದಲ್ಲೇ, ಕೆಲಸ ನಿಲ್ಲಿಸಿ ಲೈನ್ ಬಂದ್ ಮಾಡಿಸಿ.

ಎಸೆಯುವ ದಾರಕ್ಕೆ 250ರಿಂದ 400 ಗ್ರಾಂ ಚೀಲ ಕಟ್ಟಿ ಕವಲಿಗೆ ಎಸೆಯಿರಿ. ಕವಲು ಜೀವಂತವಾಗಿರಲಿ, ಬುಡದಲ್ಲಿ 10 ಸೆಂ.ಮೀ. ದಪ್ಪಕ್ಕೆ ಕಡಿಮೆಯಿರದಿರಲಿ. ಸುಲಭವಾಗಿ ಮುರಿಯುವ ಜಾತಿಯಾದರೆ ಇನ್ನೂ ದಪ್ಪದ್ದು ಹುಡುಕಿ. ಹಗ್ಗ ಏರಿಸಿದ ಮೇಲೆ ಇಬ್ಬರು ಒಟ್ಟಿಗೆ ಅದಕ್ಕೆ ಜೋತುಬೀಳಿ. ಆಮೇಲೆ ಒಬ್ಬರೇ ನೆಲದಿಂದ ಒಂದು ಗೇಣು ಎತ್ತರಕ್ಕೆ ಏರಿ ಕೈಬಿಟ್ಟು ಕೂರಿ: ಗಂಟು ಹಿಡಿಯಬೇಕು. ಮೆಲ್ಲಗೆ ಒತ್ತಿ: ಬಿಡಬೇಕು. ಎರಡೂ ಸರಿಯಾದರೆ ಹೊರಡಿ. ಹೊಸ ಹುರಿ, ಹೊಸ ಹಗ್ಗ, ಒದ್ದೆ ಹಗ್ಗ, ಮೂರು ಸಂದರ್ಭದಲ್ಲೂ ಇದನ್ನು ಮತ್ತೆ ಮಾಡಿ.

ಸ್ವಂತ ಕೆಲಸದ ಲೆಕ್ಕ

ದರ ಹೇಳುವಾಗ ಅಕ್ಕಪಕ್ಕದವರ ದರ ನೋಡುವ ಬದಲು ನಿಮ್ಮ ಖರ್ಚಿನಿಂದ ಶುರುಮಾಡಿ. ವಾರಕ್ಕೆ 5 ದಿನದಂತೆ ವರ್ಷಕ್ಕೆ 260 ದಿನ. ಮಳೆ, ಗಾಳಿ, ರಜೆ, ಕಾಯಿಲೆ, ಮರ ನೋಡಿ ದರ ಹೇಳುವ ಓಡಾಟ, ಗರಗಸ ರಿಪೇರಿ ಕಳೆದರೆ ದುಡಿಯುವ ದಿನ 170 ಎಂದಿಟ್ಟುಕೊಳ್ಳಿ. ಮನೆ ಖರ್ಚು, ವಾಹನ, ವಿಮೆ, ತೆರಿಗೆ, ಜೊತೆಗೆ ಸಲಕರಣೆಯ ಸವೆತ ಕೂಡಿಸಿ 170ರಿಂದ ಭಾಗಿಸಿ. ಸಲಕರಣೆಯನ್ನು ಅದರ ಬಾಳಿಕೆಯಿಂದ ಲೆಕ್ಕ ಹಾಕಬೇಕು: ಹುರಿ ತಿಂಗಳುಗಳಲ್ಲಿ, ಹಗ್ಗ ಒಂದೆರಡು ವರ್ಷದಲ್ಲಿ, ಹಾರ್ನೆಸ್ ಕೆಲವು ವರ್ಷಗಳಲ್ಲಿ ಹೋಗುತ್ತದೆ. ಈ ಸವೆತ ಲೆಕ್ಕಕ್ಕೆ ಬಾರದಿದ್ದರೆ ಹಳೆ ಹಗ್ಗ ಬದಲಿಸುವ ಹೊತ್ತಿಗೆ ಕೈಯಲ್ಲಿ ಹಣ ಇರುವುದಿಲ್ಲ, ಅದೇ ಹಗ್ಗದಲ್ಲಿ ಇನ್ನೊಂದು ಮಳೆಗಾಲ ಹತ್ತುತ್ತೀರಿ.

ಬೇರೆ ಗುತ್ತಿಗೆದಾರರ ಕೆಲಸಕ್ಕೆ ದಿನದ ಲೆಕ್ಕದಲ್ಲಿ ಹೋಗುವಾಗ ಫೋನಿನಲ್ಲೇ ಕೇಳಿ: ಕೆಳಗೆ ಯಾರಿರುತ್ತಾರೆ? ನಾನು ಮೇಲೆ ಪ್ರಜ್ಞೆ ತಪ್ಪಿದರೆ ಹತ್ತಿ ಇಳಿಸಬಲ್ಲವರು ಯಾರು? ಅವರಿಗೆ ಬೇರೆ ಹಗ್ಗ, ಹಾರ್ನೆಸ್ ಇದೆಯೇ? ಉತ್ತರ ಸಿಗದಿದ್ದರೆ ಆ ಕೆಲಸ ಬಿಡಿ. ಮಾಲೀಕರ ಜೊತೆ ಮರ ಎಷ್ಟು, ಯಾವ ಕೊಂಬೆ, ಸೌದೆ ಯಾರಿಗೆ, ಬುಡ ಎಷ್ಟು ಎತ್ತರ ಉಳಿಯಬೇಕು ಎಂಬುದನ್ನು ಬರೆದುಕೊಳ್ಳಿ. ಮೂರನೆಯವರಿಗೆ ಆಗುವ ಹಾನಿಯ ವಿಮೆ ಮತ್ತು ನಿಮ್ಮ ಅಪಘಾತ ವಿಮೆ ಎರಡೂ ಬೇಕು. ಹಗ್ಗದ ಮೇಲೆ ಗರಗಸ ಬಳಸುವ ಕೆಲಸ ವಿಮೆಯಲ್ಲಿ ಸೇರಿದೆಯೇ ಎಂದು ಕಾಗದದಲ್ಲೇ ಓದಿ ನೋಡಿ.

ಬಳಸಿದ ಹಗ್ಗ, ಹಾರ್ನೆಸ್ ಕೊಳ್ಳಬೇಡಿ. ಬ್ಯಾಟರಿ ಆಸಿಡ್ ತಾಗಿ ನೂಲಿಗೆ ಆದ ಹಾನಿ ಕಣ್ಣಿಗೆ ಕಾಣುವುದಿಲ್ಲ. ನಿಮ್ಮದರಲ್ಲಿ ಪ್ರತಿ ವಸ್ತುವಿನ ಕ್ರಮಸಂಖ್ಯೆ, ತಯಾರಾದ ದಿನ, ಬಳಸಲು ಶುರುಮಾಡಿದ ದಿನ ಒಂದು ಪುಸ್ತಕದಲ್ಲಿ ಬರೆಯಿರಿ. ದಿನವೂ ನೀವೇ ನೋಡಿ, 6 ತಿಂಗಳಿಗೊಮ್ಮೆ ಬೇರೆ ಬಲ್ಲವರ ಕೈಯಲ್ಲಿ ನೋಡಿಸಿ. ಹಗ್ಗ ಕೊಳೆಯಾದರೆ 30 ಡಿಗ್ರಿ ಮೀರದ ನೀರಲ್ಲಿ ಸೌಮ್ಯ ಸಾಬೂನು ಹಾಕಿ ತೊಳೆದು ನೆರಳಲ್ಲಿ ಒಣಗಿಸಿ, ಪೆಟ್ರೋಲ್ ಡಬ್ಬದ ಪಕ್ಕ ಇಡಬೇಡಿ. ತೆಗೆದುಹಾಕಿದ ಹಗ್ಗವನ್ನು ಹಾಗೇ ಎಸೆದರೆ ಯಾರಾದರೂ ಅದನ್ನೇ ಕಟ್ಟಿಕೊಂಡು ಹತ್ತಿಯಾರು. ಅವತ್ತೇ 1 ಮೀಟರಿನ ತುಂಡುಗಳಾಗಿ ಕತ್ತರಿಸಿಬಿಡಿ.