ಸಾಗರದ ಮಂಡಿ ಕಂಪ್ಯೂಟರನ್ನು ಬೆಂಗಳೂರಿನಲ್ಲಿ ಕೂತು ತೆರೆದ ಕಥೆ

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಂಪ್ಯೂಟರನ್ನು ಬೆಂಗಳೂರಿನಿಂದಲೇ ನೋಡಿಕೊಳ್ಳುತ್ತೇನೆ ಎಂದಾಗ ನೆಟ್‌ವರ್ಕಿಂಗ್ ಗೆಳೆಯ ನಕ್ಕಿದ್ದ. "ಅದು ಸಿಜಿನ್ಯಾಟ್ ಹಿಂದಿದೆ ಮಾರಾಯ, ಆಗೋ ಹೋಗೋ ಮಾತಲ್ಲ." ಅಂದರೆ ಇಂಟರ್‌ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುತ್ತದೆ, ಹೊರಗಿನಿಂದ ನೇರವಾಗಿ ಒಳಗೆ ಬರಲಾಗದು. ರೌಟರ್‌ನಲ್ಲಿ ವ್ಯಾನ್ ಐಪಿ (ಹೊರಗಿನ ವಿಳಾಸ) 100.72 ಎಂದೇನೋ ಶುರುವಾಗುತ್ತಿತ್ತು, ಅದು ಸಿಜಿನ್ಯಾಟ್‌ನ ಗುರುತು. ಅದನ್ನು ಗಮನಿಸದೆ ನಾನು ಒಂದು ವಾರ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ರೌಟರ್ ಒಳಗಿನ ಕಂಪ್ಯೂಟರಿಗೆ ದಾಟಿಸುವಂತೆ) ಮಾಡುತ್ತಾ ಕೂತಿದ್ದೆ. ಹೇಳಿಕೊಳ್ಳಲು ನಾಚಿಕೆ.

ಸರಿ, ಬದಲಾಗದ ಸ್ವಂತ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟಿದೆ. ವರ್ಷಕ್ಕೆ ಎರಡೂವರೆ ಸಾವಿರದ ಹತ್ತಿರ. ಆತುರಕ್ಕೆ ಬಿದ್ದು ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ಹಾಗೇ ತೆರೆದಿಟ್ಟೆ. ಬೆಳಗ್ಗೆ ಇವೆಂಟ್ ಲಾಗ್ ನೋಡಿದರೆ ಬರೀ 4625, ಅಂದರೆ ವಿಫಲ ಲಾಗಿನ್. ಐದಾರು ಸಾವಿರ ಇದ್ದಿರಬೇಕು. ರಾತ್ರಿಯಿಡೀ ಯಾರೋ ಪಾಸ್‌ವರ್ಡ್ ಊಹಿಸುತ್ತಾ ಕೂತಿದ್ದರು. ಕಾಫಿ ಕುಡಿಯುವ ಮುಂಚೆಯೇ ಪೋರ್ಟ್ ಮುಚ್ಚಿದೆ. ಯಜಮಾನರಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ತಿಂಗಳಿಗೆ 400 ರೂಪಾಯಿಯ ವಿಪಿಎಸ್ (ಬಾಡಿಗೆ ಸರ್ವರ್) ಹಿಡಿದು ಆಟೋಎಸ್ಎಸ್ಎಚ್‌ನಲ್ಲಿ ರಿವರ್ಸ್ ಟನಲ್ ಹಾಕಿದೆ, ಅಂದರೆ ಮಂಡಿಯ ಕಡೆಯಿಂದಲೇ ವಿಪಿಎಸ್‌ಗೆ ದಾರಿ ತೆರೆದೆ. ಎರಡು ತಿಂಗಳು ನಡೆಯಿತು. ಆದರೆ ಲೈನ್ ಕಡಿದಾಗ ವಿಪಿಎಸ್ ಕಡೆ ಹಳೆ ಕನೆಕ್ಷನ್ ಪೋರ್ಟ್ ಬಿಡುತ್ತಿರಲಿಲ್ಲ. ಅಲ್ಲಿ ಸತ್ತ ಕನೆಕ್ಷನ್ ಹುಡುಕುವ ಕ್ಲೈಂಟ್‌ಅಲೈವ್‌ಇಂಟರ್ವಲ್ 30 ಸೆಕೆಂಡ್ ಮಾಡಿದ ಮೇಲೆ ಆ ಕಾಟ ತಪ್ಪಿತು. ಟ್ಯಾಲಿ ಪರದೆ ಮಾತ್ರ ಎಳೆದಾಡುತ್ತಲೇ ಇತ್ತು.

ಕೊನೆಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಟನಲ್. ಮಂಡಿಯಲ್ಲಿ ಹಳೆ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್, ನಡುವೆ ಅದೇ ವಿಪಿಎಸ್, ಈಚೆಗೆ ನನ್ನ ಲ್ಯಾಪ್‌ಟಾಪ್. ಪೈ ಕಡೆ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25, ಅಂದರೆ 25 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸಿ ದಾರಿ ತೆರೆದಿಡುವುದು. ಒಳಗಿನಿಂದಲೇ ಹೊರಗೆ ಹೋಗುವುದರಿಂದ ಸ್ಟ್ಯಾಟಿಕ್ ಐಪಿಯೇ ಬೇಡ, ಅದನ್ನು ಬಿಡಿಸಿಬಿಟ್ಟೆ. ಮನೆಯಲ್ಲೂ ಮಂಡಿಯಲ್ಲೂ ಒಂದೇ ವಿಳಾಸದ ಸಾಲು 192.168.1 ಇದ್ದು ಗೊಂದಲವಾಗಿ ಒಂದು ಭಾನುವಾರ ಹಾಳಾಯಿತು. 4ಜಿ ಡಾಂಗಲ್‌ಗೆ ಬದಲಾದಾಗ ಪಿಂಗ್ ಬರುತ್ತಿತ್ತು, ಪರದೆ ಮಾತ್ರ ಕಪ್ಪು. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿದ ಮೇಲೆ ಸರಿಯಾಯಿತು.

ನನ್ನನ್ನು ನಿಜಕ್ಕೂ ಸತಾಯಿಸಿದ್ದು ಮಳೆಗಾಲ. ಕರೆಂಟ್ ಹೋಗಿ ಬಂದ ಮೇಲೆ ಟನಲ್ ಏಳುತ್ತಿರಲಿಲ್ಲ. ಒಮ್ಮೆ ಹತ್ತು ನಿಮಿಷ, ಒಮ್ಮೆ ಮುಕ್ಕಾಲು ಗಂಟೆ, ಆಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಇಂಟರ್‌ನೆಟ್ ಕಂಪನಿಯವರನ್ನು ಸುಮ್ನೆ ಬೈದೆ. ತಪ್ಪು ಪೈ ಗಡಿಯಾರದ್ದು. ಅದರಲ್ಲಿ ಬ್ಯಾಟರಿ ಇಲ್ಲ. ಬೂಟ್ ಆದಾಗ ಕೊನೆಗೆ ಬರೆದಿಟ್ಟುಕೊಂಡ ಹೊತ್ತಿನಿಂದ ಶುರು ಮಾಡುತ್ತದೆ. ಟನಲ್ ಶುರುಮಾಡುವ ಹ್ಯಾಂಡ್‌ಶೇಕ್‌ನಲ್ಲಿ ಹಿಂದಿನದಕ್ಕಿಂತ ಹಳೆಯ ಹೊತ್ತು ಬಂದರೆ ವೈರ್‌ಗಾರ್ಡ್ ಅದನ್ನು ಎಸೆದುಬಿಡುತ್ತದೆ. ಹೊತ್ತನ್ನು ಇಂಟರ್‌ನೆಟ್‌ನಿಂದ ತರುವ ಎನ್‌ಟಿಪಿ ಅದನ್ನು ಸರಿಮಾಡಬೇಕಿತ್ತು, ಆದರೆ ಬುದ್ಧಿವಂತಿಕೆ ಮಾಡಿ ಹೆಸರಿನಿಂದ ವಿಳಾಸ ಹುಡುಕುವ ಡಿಎನ್ಎಸ್ ಅನ್ನೂ ಟನಲ್ ಒಳಗೇ ಕಳಿಸಿದ್ದೆ! ಟನಲ್ ಇಲ್ಲದೆ ಹೊತ್ತಿಲ್ಲ, ಹೊತ್ತಿಲ್ಲದೆ ಟನಲ್ ಇಲ್ಲ. ಪೈ ಗಡಿಯಾರ ನಡೆಯುತ್ತಾ ಆ ಹಿಂದಿನ ಹೊತ್ತನ್ನು ದಾಟಿದ ಮೇಲಷ್ಟೇ ಏಳುತ್ತಿತ್ತು. ಡಿಎನ್ಎಸ್ ಹೊರಗೆ ತಂದೆ, ಇನ್ನೂರು ರೂಪಾಯಿಯ ಡಿಎಸ್ 3231 ಎಂಬ ಬ್ಯಾಟರಿ ಗಡಿಯಾರ ಸಿಕ್ಕಿಸಿದೆ. ಆಮೇಲೆ ಒಂದು ಮಳೆಗಾಲ ಪೂರ್ತಿ ಕಳೆಯಿತು, ಒಮ್ಮೆಯೂ ಸಾಗರಕ್ಕೆ ಓಡಿಲ್ಲ.

ನಡುವೆ ಪೈಯಿಂದ ವೇಕ್ ಆನ್ ಲ್ಯಾನ್ ಕಳಿಸಿ ಕಂಪ್ಯೂಟರ್ ಎಬ್ಬಿಸುವುದನ್ನೂ ನೋಡಿದೆ. ಹತ್ತರಲ್ಲಿ ಆರೇಳು ಸಲ ಎದ್ದಿತು. ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ಆನ್ ಆಗುವಂತೆ ಇಡುವುದೇ ವಾಸಿ.

ವಿಪಿಎಸ್‌ನ ಫೈರ್‌ವಾಲ್ ನಿಯಮ ಮಾತ್ರ ಕೇಳಬೇಡಿ. ಲ್ಯಾಪ್‌ಟಾಪ್ ಕದ್ದರೂ ಮಂಡಿಯ ಒಂದೇ ಒಂದು ಪೋರ್ಟ್ ಬಿಟ್ಟು ಬೇರೇನೂ ಕಾಣದಂತೆ ಮಾಡಿದ್ದೇನೆ, ಅಷ್ಟು ಹೇಳಬಲ್ಲೆ. ನಕ್ಕಿದ್ದ ಗೆಳೆಯನೂ ಮೊನ್ನೆ ಕೇಳಿದ. ಅವನಿಗೂ ಹೇಳಿಲ್ಲ.