ತಾರಸಿಯ ಜಲಕೃಷಿ: ಬೇರು ಕೊಳೆಯದಂತೆ ಕಾಪಾಡುವುದು ಹೇಗೆ?

ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನ ಟಬ್ಬಿನಲ್ಲಿ ಲೆಟ್ಯೂಸ್, ಪಾಲಕ್ ಬೆಳೆಯುವವರು ಮಧ್ಯಾಹ್ನ ಎಲೆಗಳು ಜೋತುಬಿದ್ದುದನ್ನು ಕಂಡರೆ ಗಾಬರಿಯಿಂದ ಇನ್ನಷ್ಟು ಪೋಷಕಾಂಶದ ದ್ರಾವಣವನ್ನು ಸುರಿಯುವುದುಂಟು. ಬೇರುಗಳು ನೀರಿನಲ್ಲೇ ಇಳಿಬಿದ್ದಿದ್ದರೂ ಗಿಡ ಬಾಡುತ್ತಿದ್ದರೆ, ಕೊರತೆಯಾಗಿರುವುದು ಬಹುತೇಕ ಆಮ್ಲಜನಕವೇ. ಆದ್ದರಿಂದ ಮೊದಲು ಗಿಡವನ್ನು ಕೂರಿಸಿರುವ ಜಾಲರಿ ಕುಂಡವನ್ನು ಎತ್ತಿ ಬೇರನ್ನು ಪರೀಕ್ಷಿಸಬೇಕು.

ಆರೋಗ್ಯವಾಗಿರುವ ಬೇರು ಬಿಳಿ ಅಥವಾ ಕೆನೆ ಬಣ್ಣದ್ದಾಗಿದ್ದು, ದುರ್ವಾಸನೆ ಬೀರುವುದಿಲ್ಲ. ದ್ರಾವಣದಲ್ಲಿರುವ ಕಬ್ಬಿಣಾಂಶದಿಂದಲೂ ಬೇರು ಕಂದಾಗಬಹುದಾದ್ದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ. ಒಂದು ಎಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆಯಿರಿ. ಹೊರಪದರ ಲೋಳೆಯಾಗಿ ಜಾರಿಬಂದು ಒಳಗಿನ ದಾರದಂತಹ ನಾರು ಮಾತ್ರ ಉಳಿದರೆ, ಅದು ಕೊಳೆರೋಗವೇ. ಇದಕ್ಕೆ ಹೆಚ್ಚಾಗಿ ಕಾರಣವಾಗುವ ಪಿಥಿಯಂ ಎಂಬ ಸೂಕ್ಷ್ಮಜೀವಿಯ ಬೀಜಕಗಳು ನೀರಿನಲ್ಲಿ ಈಜಿ ಪಕ್ಕದ ಗಿಡವನ್ನು ತಲುಪಬಲ್ಲವು.

ರೋಗವನ್ನು ದೂರವಿಡಲು ಮೊದಲ ಗಮನ ಉಷ್ಣತೆಯ ಮೇಲಿರಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಆದರೆ ಬೇರಿನ ಉಸಿರಾಟ ಅದೇ ಬಿಸಿಗೆ ಹೆಚ್ಚುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಟಬ್ ಇಟ್ಟವರ ಗಿಡಗಳು ಸೋಲುವುದು ಇದರಿಂದಲೇ. ಟಬ್ಬನ್ನು ಕಾದ ಸಿಮೆಂಟಿನ ಮೇಲಿಡದೆ ಥರ್ಮಾಕೋಲ್ ಹಲಗೆಯ ಮೇಲಿಟ್ಟು, ನೆರಳುಬಲೆ ಕಟ್ಟಿ, ತೀರಾ ಬಿಸಿಯಾದ ದಿನ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ನೀರಿನ ಬಾಟಲಿಯೊಂದನ್ನು ಮುಚ್ಚಳ ತೆಗೆಯದೆ ಅದರೊಳಗೆ ತೇಲಿಬಿಡಬಹುದು. ದ್ರಾವಣ 18ರಿಂದ 24 ಡಿಗ್ರಿಯೊಳಗಿದ್ದರೆ ಒಳ್ಳೆಯದು.

ಎರಡನೆಯದಾಗಿ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಏರ್ ಪಂಪ್ ಮತ್ತು ಅದರ ಗಾಳಿಯನ್ನು ನೀರಿನಲ್ಲಿ ಸಣ್ಣ ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನ್ ಹಗಲೂ ರಾತ್ರಿಯೂ ಓಡುತ್ತಿರಲಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ತೂಗುಹಾಕಬೇಕು. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಪಂಪ್ ಕೆಡುತ್ತದೆ. ಪಂಪ್ ಇಲ್ಲದ ವಿಧಾನದಲ್ಲಿ ಬೆಳೆಯುವವರು ನೀರು ಇಳಿದಂತೆಲ್ಲ ಕಂಠಮಟ್ಟ ತುಂಬಿಸಬಾರದು, ಏಕೆಂದರೆ ಗಾಳಿಯಲ್ಲಿ ತೆರೆದುಕೊಂಡ ಮೇಲ್ಭಾಗದ ಬೇರುಗಳೇ ಅಲ್ಲಿ ಉಸಿರಾಡುವ ಬೇರುಗಳು.

ಬೆಳಕು ಒಳಗೆ ನುಸುಳಿದರೆ ಪಾಚಿ ಕಟ್ಟುತ್ತದೆ. ಟಬ್ಬಿನ ಹೊರಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಬಳಿದರೆ ಸಾಕು. ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5ರಿಂದ 6.5ರ ನಡುವೆ ಇರಬೇಕು. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದರೆ ಇಂದು ಸರಿಪಡಿಸಿದ ಪಿಎಚ್ ನಾಳೆ ಮತ್ತೆ ಏರುವುದರಿಂದ, ಮರುದಿನವೂ ಅಳೆಯುವುದು ಅಗತ್ಯ. ಎರಡು ವಾರಕ್ಕೊಮ್ಮೆ ದ್ರಾವಣವನ್ನು ಪೂರ್ತಿ ಬದಲಿಸಿ.

ಕೊಳೆ ಆಗಲೇ ಬಂದಿದ್ದರೆ, ಲೋಳೆಗಟ್ಟಿದ ಬೇರುಗಳನ್ನು ಶುದ್ಧ ಕತ್ತರಿಯಿಂದ ತೆಗೆದು, ಉಳಿದುದನ್ನು ತಣ್ಣೀರಿನಲ್ಲಿ ತೊಳೆದು, ಬ್ಲೀಚಿಂಗ್ ದ್ರಾವಣದಿಂದ ಉಜ್ಜಿ ಚೆನ್ನಾಗಿ ಜಾಲಿಸಿದ ಟಬ್ಬಿನಲ್ಲಿ ಅರ್ಧ ಸಾಂದ್ರತೆಯ ಹೊಸ ದ್ರಾವಣದೊಂದಿಗೆ ಎರಡು ಮೂರು ದಿನ ನೆರಳಿನಲ್ಲಿಡಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕುವವರಿದ್ದಾರೆ. ಆದರೆ ನೀರಿನ ಬಿಸಿ ತಗ್ಗದ ಹೊರತು ಅದರ ಗುಣ ಹೆಚ್ಚು ದಿನ ನಿಲ್ಲದು. ಅರ್ಧಕ್ಕಿಂತ ಹೆಚ್ಚು ಬೇರು ಹೋಗಿರುವ ಗಿಡವನ್ನು ಕಿತ್ತುಹಾಕಿ, ಅದೇ ಟಬ್ಬಿನಲ್ಲಿದ್ದ ಇತರ ಗಿಡಗಳ ಬೇರನ್ನು ಮುಂದಿನ ಒಂದು ವಾರ ದಿನವೂ ಎತ್ತಿ ನೋಡಿ.